ಐದಕ್ಕೂ ಎರಡಕ್ಕೂ ಒಂದೇ ಮೆಚ್ಚುಗೆ

ಮಂಜೇಶ್ವರದ ನಮ್ಮ ಚರ್ಚಿನಲ್ಲಿ ಭಾನುವಾರ ಆರಾಧನೆ ಮುಗಿದ ಮೇಲೆ ನಿವೃತ್ತ ಟೀಚರ್ ಒಬ್ಬರು ಮಕ್ಕಳಿಗೆ ಕನ್ನಡ ಓದಿಸುತ್ತಾರೆ. ಶಾಲೆಯಲ್ಲಿ ಮಲಯಾಳಂ, ಇಂಗ್ಲಿಷ್ ಕಲಿಯುವ ಮಕ್ಕಳು. ಒತ್ತಕ್ಷರ ಬಂದರೆ ತಡವರಿಸುತ್ತಾರೆ. ಟೀಚರ್ ಬೆರಳಿಟ್ಟು ತೋರಿಸಿ, "ಇನ್ನೊಮ್ಮೆ ಓದು ಮಗಾ" ಅನ್ನುತ್ತಾರೆ. ಈಗ ಅವರಲ್ಲಿ ಕೆಲವರು ಎದ್ದು ನಿಂತು ಎಲ್ಲರ ಮುಂದೆ ಬೈಬಲ್ ಓದುತ್ತಾರೆ!

ಬೈಬಲಿನ ಮತ್ತಾಯ 25ರಲ್ಲಿ ತಲಾಂತುಗಳ ಸಾಮ್ಯ ಅಂತ ಒಂದು ಕಥೆ ಇದೆ. ಯಜಮಾನನೊಬ್ಬ ಊರು ಬಿಟ್ಟು ಹೋಗುವಾಗ ಮೂವರು ಆಳುಗಳಿಗೆ ತಲಾಂತುಗಳನ್ನು, ಅಂದರೆ ದೊಡ್ಡ ಮೊತ್ತದ ಹಣವನ್ನು, ಒಪ್ಪಿಸುತ್ತಾನೆ. ಅದರಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಇದು: ಐದು ತಲಾಂತು ಪಡೆದು ಇಮ್ಮಡಿ ಮಾಡಿದವನಿಗೂ ಎರಡು ಪಡೆದು ಇಮ್ಮಡಿ ಮಾಡಿದವನಿಗೂ ಯಜಮಾನ ಒಂದೇ ಮಾತಿನಲ್ಲಿ ಭಲಾ ಅನ್ನುತ್ತಾನೆ. ಬೈಸಿಕೊಂಡವನು ತನಗೆ ಸಿಕ್ಕ ಒಂದು ತಲಾಂತನ್ನು ಹೆದರಿ ನೆಲದಲ್ಲಿ ಹೂತಿಟ್ಟವನು. ನಮ್ಮಲ್ಲೂ ಎಷ್ಟೋ ಜನ 'ನನಗೇನು ಬರುತ್ತೆ' ಅಂತ ಸುಮ್ನೆ ಕೂರುತ್ತಾರೆ, ಅಲ್ವಾ? ವಯರಿಂಗ್ ಕೆಲಸ ಬರುವುದೂ ದೇವರು ಕೊಟ್ಟದ್ದೇ. ಚರ್ಚಿನ ಮೈಕ್ ಕೆಟ್ಟಿದೆ. ಗೊತ್ತಿರುವವರು ಶನಿವಾರ ಸಂಜೆ ದಯವಿಟ್ಟು ಬನ್ನಿ.