ಒಂದು ಮಾರು ಸೇವಂತಿಗೆ

ಆಯುಧಪೂಜೆಯ ಹಿಂದಿನ ದಿನ ಬೆಳಿಗ್ಗೆ ಆರೂಕಾಲಿಗೆಲ್ಲ ನಾನು ಮೈಸೂರಿನ ದೇವರಾಜ ಮಾರುಕಟ್ಟೆಯ ಒಳಗಿದ್ದೆ. ಹತ್ತು ಗಂಟೆಗೆ ಚಿಕ್ಕ ಗಡಿಯಾರದ ಬಳಿ ಹೊರಗೆ ಬಂದಾಗ ಕ್ಯಾಮೆರಾದಲ್ಲಿ 430 ಚಿತ್ರಗಳಿದ್ದವು. ಕೊನೆಗೆ ಉಳಿದದ್ದು ಒಂದು. ಅದು ಯಾಕೆ ಉಳಿಯಿತು, ಮಿಕ್ಕವು ಯಾಕೆ ಬಿದ್ದವು ಎಂಬುದು ನನಗೆ ತಿಳಿದದ್ದು ಮಾರುಕಟ್ಟೆಯಲ್ಲಲ್ಲ. ಮೂರು ವಾರಗಳ ನಂತರ, ದೀಪಾವಳಿಗೆ ಹೋಗಿದ್ದಾಗ, ಸೋದರಮಾವನ ಮನೆಯ ಹಜಾರದಲ್ಲಿ.

ಆ ಮೂರು ವಾರ ನಾನು ಚಿತ್ರಗಳನ್ನು ಬೇಕೆಂದೇ ತೆರೆದು ನೋಡಿರಲಿಲ್ಲ. ನ್ಯೂಯಾರ್ಕಿನ ಬೀದಿಗಳ ಚಿತ್ರಗಳಿಗೆ ಹೆಸರಾದ ಛಾಯಾಗ್ರಾಹಕ ಗ್ಯಾರಿ ವಿನೋಗ್ರಾಂಡ್ ತೆಗೆದ ಫಿಲ್ಮನ್ನು ತಕ್ಷಣ ತೊಳೆಯುತ್ತಿರಲಿಲ್ಲ, ಬಹಳ ಕಾಲ ಹಾಗೆಯೇ ಇಟ್ಟುಬಿಡುತ್ತಿದ್ದರು. 1984ರಲ್ಲಿ ಅವರು ತೀರಿಕೊಂಡಾಗ ತೊಳೆಯದ ಸುರುಳಿಗಳೇ ಸುಮಾರು 2,500 ಇದ್ದವು. ಚಿತ್ರ ತೆಗೆದ ದಿನದ ಸಂಭ್ರಮ ಆರುವವರೆಗೆ ಕಾದರೆ ಮಾತ್ರ ಚಿತ್ರವನ್ನು ಚಿತ್ರವಾಗಿ ನೋಡಲು ಸಾಧ್ಯ ಎಂಬುದು ಅವರ ಲೆಕ್ಕಾಚಾರ. ನನಗೂ ಆ ದಿನದ ಸಂಭ್ರಮ ತಲೆಗೇರಿತ್ತು. ಮಾರುಕಟ್ಟೆಯ ತುಂಬ ಬೂದುಗುಂಬಳಕಾಯಿಯ ರಾಶಿ, ಬಾಳೆಕಂದು, ಮಾವಿನಸೊಪ್ಪು, ಹೂವಿನ ಮೂಟೆಗಳನ್ನು ಹೊತ್ತು "ದಾರಿ, ದಾರಿ" ಎಂದು ಕೂಗುತ್ತ ನುಗ್ಗುವ ಹಮಾಲರು. ಅಂಥ ಬೆಳಗಿನಲ್ಲಿ ತೆಗೆದ ಚಿತ್ರಗಳೆಲ್ಲ ಚೆನ್ನಾಗಿಯೇ ಬಂದಿವೆ ಎಂದು ಯಾರಿಗಾದರೂ ಅನ್ನಿಸುತ್ತದೆ.

ಮಾವ ನಲವತ್ತು ವರ್ಷ ಸ್ಟುಡಿಯೊ ನಡೆಸಿದವರು. ಪಾಸ್‌ಪೋರ್ಟ್ ಚಿತ್ರ, ಮದುವೆ, ನಾಮಕರಣ, ಶಾಲೆಯ ಗ್ರೂಪ್ ಫೋಟೊ, ಇವೇ ಅವರ ಕಸುಬು. ನೆಗೆಟಿವ್ ಮೇಲೆ ಮೊನೆ ಚೂಪಾದ ಪೆನ್ಸಿಲ್ಲಿನಿಂದ ಮುಖದ ಕಲೆಗಳನ್ನು ತಿದ್ದುವ ಟಚಿಂಗ್ ಮಾಡಿ ಮಾಡಿ ಬೆನ್ನು ಬಾಗಿದೆ, ಈಗ ಮಂಡಿನೋವಿನಿಂದ ಹೊರಗೆ ಹೋಗುವುದೂ ನಿಂತಿದೆ. ಬೀದಿಯಲ್ಲಿ ಚಿತ್ರ ತೆಗೆದವರಲ್ಲ ಅವರು. ಆದರೆ ಚಿತ್ರವನ್ನು ಅವರಷ್ಟು ನಿಧಾನವಾಗಿ ನೋಡುವವರನ್ನು ನಾನು ಬೇರೆ ಕಂಡಿಲ್ಲ. 430ರಲ್ಲಿ 60 ಆರಿಸಿ, ಪೋಸ್ಟ್‌ಕಾರ್ಡ್ ಅಳತೆಗೆ ಮುದ್ರಿಸಿ ಒಯ್ದಿದ್ದೆ. ಕೆಂಪು ಗಾರೆಯ ನೆಲದ ಮೇಲೆ ಸಾಲಾಗಿ ಹರಡಿಸಿ, ಕುರ್ಚಿ ಎಳೆದುಕೊಂಡು ಕುಳಿತರು. ಕಟ್ಟಳೆ ಒಂದೇ: "ನೀನು ಬಾಯಿ ಬಿಡಬೇಡ. ಅಲ್ಲಿ ಏನು ನಡೆಯಿತು ಅಂತ ಚಿತ್ರವೇ ಹೇಳಲಿ."

ಇದು ಎಷ್ಟು ಕಷ್ಟದ ಕಟ್ಟಳೆ ಎಂದು ಮೊದಲ ಹತ್ತು ನಿಮಿಷಕ್ಕೇ ಗೊತ್ತಾಯಿತು. ನಾನು ಆರಿಸಿದ ಬಹುಪಾಲು ಚಿತ್ರಗಳ ಹಿಂದೆ ಒಂದೊಂದು ಕಥೆ ಇತ್ತು, ಆ ಕಥೆಗಾಗಿಯೇ ಅವನ್ನು ಆರಿಸಿದ್ದೆ. ಕಥೆ ನನ್ನ ನೆನಪಿನಲ್ಲಿತ್ತು, ಕಾಗದದ ಮೇಲೆ ಇರಲಿಲ್ಲ.

ಮೊದಲು ಹೋದದ್ದು ಕುಂಕುಮದ ಗುಡ್ಡೆಗಳು. ದೇವರಾಜ ಮಾರುಕಟ್ಟೆಗೆ ಕ್ಯಾಮೆರಾ ಹಿಡಿದು ಹೋದವರೆಲ್ಲ ತೆಗೆಯುವ ಚಿತ್ರ ಅದು. ಹಳದಿ, ನೀಲಿ, ಗುಲಾಬಿ ಬಣ್ಣದ ಪುಡಿಗಳನ್ನು ಗೋಪುರದಂತೆ ಏರಿಸಿಟ್ಟ ತಟ್ಟೆಗಳು. "ಬಣ್ಣ ಚೆನ್ನಾಗಿದೆ. ಅದು ಅಂಗಡಿಯವನ ಕೆಲಸ. ನಿನ್ನದೇನಿದೆ ಇದರಲ್ಲಿ?" ಎಂದು ಪಕ್ಕಕ್ಕೆ ಸರಿಸಿದರು.

ಆಮೇಲೆ ಒಬ್ಬ ಮುದುಕರ ಮುಖ. ಮುಖದ ತುಂಬ ಸುಕ್ಕು, ತುಟಿಯಲ್ಲಿ ಬೀಡಿ, ಬೀಡಿಯ ಹೊಗೆಗೆ ಅರ್ಧ ಮುಚ್ಚಿದ ಕಣ್ಣು. ದೂರದಿಂದ, ಉದ್ದ ಲೆನ್ಸಿನಲ್ಲಿ ತೆಗೆದದ್ದು. ಇಂಥವು ಆರು ಇದ್ದವು. ಮಾವ ಆರನ್ನೂ ಒಟ್ಟಿಗೆ ಎತ್ತಿ ಕೈಯಲ್ಲಿ ಹಿಡಿದುಕೊಂಡರು. ಸ್ಟುಡಿಯೊದಲ್ಲಿ ನಲವತ್ತು ವರ್ಷ ಮುಖಗಳನ್ನೇ ನೋಡಿದವರಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. "ಇವರು ಎಲ್ಲಿ ಕುಳಿತಿದ್ದಾರೆ? ಯಾರನ್ನು ಕಾಯುತ್ತಿದ್ದಾರೆ? ಹಿಂದೆಲ್ಲ ಮಬ್ಬು ಮಾಡಿಬಿಟ್ಟಿದ್ದೀಯ. ಬೀದಿಯಲ್ಲಿ ಇದ್ದವರನ್ನು ಬೀದಿಯಿಂದ ಕಿತ್ತುಕೊಂಡು ಬಂದಿದ್ದೀಯ." ನಮ್ಮ ಮೈಸೂರಿನವರೇ ಆದ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಹೆಸರು ಆಗ ಬಂತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ನಡೆದಿತ್ತು. ಅವರ ಚಿತ್ರದಲ್ಲಿ ಮಗು ಏನಾದರೂ ಒಂದು ಮಾಡುತ್ತಲೇ ಇರುತ್ತದೆ, ಮತ್ತು ಅದು ಯಾವ ಲೋಕದ ಮಗು ಎಂಬುದು ಸುತ್ತಲೂ ಕಾಣುತ್ತದೆ. ಬಡತನವನ್ನು ಅವರು ಮುಖದಿಂದ ಕೆರೆದು ತೆಗೆದವರಲ್ಲ. ಮಾವನ ಮಾತು ನನಗೆ ನಾಟಿತು. ಆ ಮುದುಕರ ಹತ್ತಿರಕ್ಕೆ ಹೋಗಿ ನಿಲ್ಲುವ ಧೈರ್ಯ ನನಗೆ ಇರಲಿಲ್ಲ, ಲೆನ್ಸ್ ಆ ಕೆಲಸವನ್ನು ನನ್ನ ಬದಲು ಮಾಡಿತ್ತು. ಇನ್ನೊಂದು ಚಿತ್ರದಲ್ಲಿ ಹೂ ಕಟ್ಟುತ್ತಿದ್ದ ಹೆಂಗಸು ಸೆರಗನ್ನು ಮುಖಕ್ಕೆ ಅಡ್ಡ ಹಿಡಿದಿದ್ದಾರೆ. ಅದನ್ನು ಮಾವ ನೋಡುವ ಮೊದಲೇ ನಾನು ಎತ್ತಿಟ್ಟುಕೊಂಡೆ, ರಾತ್ರಿ ಅಳಿಸಿಯೂ ಹಾಕಿದೆ.

ನನಗೆ ಎಲ್ಲಕ್ಕಿಂತ ಪ್ರಿಯವಾಗಿದ್ದ ಚಿತ್ರ ಮೂರನೆಯ ಸಾಲಿನಲ್ಲಿತ್ತು. ಹಿಂದಿನ ರಾತ್ರಿ ಮಳೆ ಬಿದ್ದು ಹೂವಿನ ಸಾಲಿನ ತುದಿಯಲ್ಲಿ ನೀರು ನಿಂತಿತ್ತು. ಯಾರಾದರೂ ಅದನ್ನು ಹಾರಿಯೇ ಹಾರುತ್ತಾರೆ ಎಂದು ಸುಮಾರು ಒಂದು ಗಂಟೆ ಅಲ್ಲಿ ಕಾದಿದ್ದೆ. ನನ್ನ ತಲೆಯಲ್ಲಿದ್ದದ್ದು ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ ಬ್ರೆಸ್ಸೋನ್ 1932ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂದೆ ತೆಗೆದ, ನಿಂತ ನೀರನ್ನು ಒಬ್ಬ ಹಾರುತ್ತಿರುವ ಚಿತ್ರ. ಕೊನೆಗೂ ಒಬ್ಬ ಹಮಾಲ ಕುಂಬಳಕಾಯಿಯ ಮೂಟೆ ಹೊತ್ತುಕೊಂಡೇ ನೀರನ್ನು ದಾಟಿದ. ಕ್ಲಿಕ್ಕಿಸಿದಾಗ ನನ್ನ ಕೈ ನಡುಗುತ್ತಿತ್ತು.

ಮಾವ ಆ ಚಿತ್ರವನ್ನು ತಲೆಕೆಳಗು ಮಾಡಿ ಹಿಡಿದರು. ತಲೆಕೆಳಗಾದಾಗ ಮನುಷ್ಯ ಮನುಷ್ಯನಾಗಿ ಕಾಣುವುದಿಲ್ಲ, ಬೆಳಕು ಮತ್ತು ಕಪ್ಪಿನ ಆಕಾರಗಳು ಮಾತ್ರ ಕಾಣುತ್ತವೆ. ಕಾಣಿಸಿದ್ದು ಒಂದು ದೊಡ್ಡ ಕಪ್ಪು ಮುದ್ದೆ. ಹಮಾಲನ ಕಪ್ಪು ಚಡ್ಡಿ ಹಿಂದಿನ ಬುಟ್ಟಿಯ ನೆರಳಿನಲ್ಲಿ ಕರಗಿಹೋಗಿತ್ತು, ಛತ್ರಿಯ ಕೋಲೊಂದು ಅವನ ತಲೆಯಿಂದಲೇ ಹುಟ್ಟಿದಂತಿತ್ತು, ಮುಂದಿನ ಕಾಲು ಆಗಲೇ ನೆಲ ಮುಟ್ಟಿತ್ತು. "ಹಾರುತ್ತಿದ್ದಾನೆ ಅಂತ ನಿನಗೆ ಗೊತ್ತು, ನನಗೆ ಗೊತ್ತಿಲ್ಲ" ಎಂದರು. ಒಂದು ಗಂಟೆ ಕಾದೆ ಎಂದು ಹೇಳಲು ಬಾಯಿ ತೆರೆದವನು ಕಟ್ಟಳೆ ನೆನಪಾಗಿ ಸುಮ್ಮನಾದೆ. ಕಾದದ್ದು ಚಿತ್ರದಲ್ಲಿ ಎಲ್ಲೂ ಇರಲಿಲ್ಲ.

ಮೊಬೈಲಿನಲ್ಲಿ ಪ್ಯಾರಿಸ್ಸಿನ ಚಿತ್ರ ತೆಗೆದು ಪಕ್ಕದಲ್ಲಿಟ್ಟೆವು. ಅಲ್ಲಿ ಹಾರುವವನು ತಿಳಿಬಣ್ಣದ ನೀರಿನ ಮೇಲೆ ಕಪ್ಪಾಗಿ, ಕತ್ತರಿಸಿ ಅಂಟಿಸಿದಷ್ಟು ಸ್ಪಷ್ಟವಾಗಿ ಕಾಣುತ್ತಾನೆ. ಅವನ ಹಿಮ್ಮಡಿಗೂ ನೀರಿಗೂ ನಡುವೆ ಕೂದಲೆಳೆಯಷ್ಟು ಅಂತರ. ಇನ್ನೂ ಬಿದ್ದಿಲ್ಲ. ಹಿಂದಿನ ಗೋಡೆಯ ಪೋಸ್ಟರಿನಲ್ಲಿ ಒಬ್ಬ ನರ್ತಕಿ ಅವನ ಹಾಗೆಯೇ, ಅವನಿಗೆ ವಿರುದ್ಧ ದಿಕ್ಕಿಗೆ ಜಿಗಿಯುತ್ತಿದ್ದಾಳೆ. ಅವನಿಗೆ ಅವಳು ಗೊತ್ತಿಲ್ಲ, ಇಬ್ಬರೂ ಒಟ್ಟಿಗೆ ಕಾಣುವುದು ನೋಡುವವನಿಗೆ ಮಾತ್ರ. ನಾನು ನೀರನ್ನೂ ಹಾರಾಟವನ್ನೂ ಎರವಲು ತಂದಿದ್ದೆ, ಆ ಅಂತರವನ್ನೂ ಆ ನರ್ತಕಿಯನ್ನೂ ಬಿಟ್ಟುಬಂದಿದ್ದೆ.

ಜನಜಂಗುಳಿಯ ಚಿತ್ರಗಳು ಇಪ್ಪತ್ತರ ಮೇಲಿದ್ದವು, ಒಂದೂ ನಿಲ್ಲಲಿಲ್ಲ. ಛಾಯಾಗ್ರಾಹಕ ರಘು ರಾಯ್ 1995ರಲ್ಲಿ ಮುಂಬೈನ ಚರ್ಚ್‌ಗೇಟ್ ನಿಲ್ದಾಣದಲ್ಲಿ ತೆಗೆದ ಚಿತ್ರವನ್ನು ನೆನೆಸಿಕೊಂಡರೆ ಕಾರಣ ತಿಳಿಯುತ್ತದೆ. ಶಟರನ್ನು ನಿಧಾನಕ್ಕೆ ಬಿಟ್ಟಿದ್ದರಿಂದ ಇಡೀ ಜನಸಾಗರ ಹೊಗೆಯಂತೆ ಹರಿದುಹೋಗಿದೆ, ಪತ್ರಿಕೆಯಲ್ಲಿ ಮುಳುಗಿದ ಕೆಲವರು ಮಾತ್ರ ಕಲ್ಲಿನಂತೆ ನಿಂತುಬಿಟ್ಟಿದ್ದಾರೆ. ಕಣ್ಣು ಅವರನ್ನು ಹಿಡಿದುಕೊಂಡು ಉಳಿದ ಗದ್ದಲವನ್ನು ನೋಡುತ್ತದೆ. ನನ್ನ ಜಂಗುಳಿಯಲ್ಲಿ ಹಿಡಿದುಕೊಳ್ಳಲು ಏನೂ ಇರಲಿಲ್ಲ.

ಹೀಗೆ ನೆಲ ಖಾಲಿಯಾಗುತ್ತ ಬಂತು. ಕೊನೆಯ ಸಾಲಿನ ಒಂದು ಚಿತ್ರದ ಮೇಲೆ ಮಾವನ ಕಣ್ಣು ನಿಂತಿತು. 212ನೆಯದು. ತೆಗೆದ ನೆನಪೂ ನನಗೆ ಸರಿಯಾಗಿ ಇರಲಿಲ್ಲ, ಅರವತ್ತರ ಲೆಕ್ಕ ತುಂಬಲಿ ಎಂದು ಸೇರಿಸಿದ್ದೆ.

ಹೂವಿನವನು ಸೇವಂತಿಗೆ ಸರವನ್ನು ಮಾರು ಹಾಕುತ್ತಿದ್ದಾನೆ. ಎಡಗೈ ಪೂರ್ತಿ ಚಾಚಿದೆ. ಬಲಗೈ ಚಾಚುತ್ತಿದೆ. ಕಟ್ಟೆಯ ಈಚೆಗೆ ಐವತ್ತರ ಆಸುಪಾಸಿನ ಒಬ್ಬ ಹೆಂಗಸು, ಕಂಕುಳಲ್ಲಿ ಪರ್ಸು ಒತ್ತಿ ಹಿಡಿದು ನಿಂತಿದ್ದಾರೆ. ಅವರ ಕಣ್ಣು ಹೂವಿನ ಮೇಲಿಲ್ಲ, ಹೂವಿನವನ ಮುಖದ ಮೇಲೂ ಇಲ್ಲ. ಅವನ ಬಲಗೈಯ ಮೊಣಕೈ ಮೇಲಿದೆ. ಕೆಳತುಟಿ ಒಳಗೆ ಸರಿದಿದೆ, ಏನೋ ಹೇಳಲು ಹೊರಟಿದ್ದಾರೆ. ಹಬ್ಬದ ಹಿಂದಿನ ದಿನ ಹೂ ಕೊಂಡವರಿಗೆಲ್ಲ ಆ ನೋಟ ಗೊತ್ತು. ಮೊಣಕೈ ಒಂದಿಷ್ಟು ಮಡಚಿದರೆ ಮಾರಿನಲ್ಲಿ ಒಂದು ಗೇಣು ಹೂವು ಹೋಯಿತು. ಚಿತ್ರದಲ್ಲಿ ಆ ಮೊಣಕೈ ಮಡಚಿಯೂ ಇಲ್ಲ, ನೆಟ್ಟಗೂ ಆಗಿಲ್ಲ. ಸರದ ಬಾಲ ಕಟ್ಟೆಯಿಂದ ಇಳಿದು ಜೋತಾಡುವ ಕಡೆ, ಚೌಕಟ್ಟಿನ ಅಂಚಿಗೆ, ಒಂದು ಮಗುವಿನ ಕೈ. ಮುಖವಿಲ್ಲ, ಕೈ ಮಾತ್ರ. ಎರಡು ಬೆರಳು ಒಂದು ಹೂವನ್ನು ಚಿವುಟಿ ಹಿಡಿದಿವೆ. ಅಳೆಯುವವನೂ ಅದನ್ನು ನೋಡಿಲ್ಲ, ಅಳತೆ ಕಾಯುತ್ತಿರುವವರೂ ನೋಡಿಲ್ಲ.

ಮಾವ ನಕ್ಕರು. ನಕ್ಕು ಚಿತ್ರಕ್ಕೇ ಹೇಳಿದರು: "ಕೈ ಪೂರ್ತಿ ಚಾಚಪ್ಪ, ಹಬ್ಬದ ದಿನ."

ಉಳಿದ ಚಿತ್ರಗಳ ಬಗ್ಗೆ ಅವರು ನನ್ನೊಂದಿಗೆ ಮಾತಾಡಿದ್ದರು. ಇದೊಂದರ ಜೊತೆ ನೇರವಾಗಿ ಮಾತಾಡಿದರು. ಬೆಳಕು, ಅಂಚು, ಆಕಾರ ಎಂದು ನಾವು ಲೆಕ್ಕ ಹಾಕಿದ್ದೆಲ್ಲ ಇಷ್ಟಕ್ಕಾಗಿ ಎಂದು ನನಗೆ ಆಗ ಅನ್ನಿಸಿತು, ಈಗಲೂ ಹಾಗೆಯೇ ಅನ್ನಿಸುತ್ತದೆ.

ಆದರೂ ಮಾವ ಪರೀಕ್ಷೆ ಬಿಡಲಿಲ್ಲ. ಹಳೆಯ ರಟ್ಟಿನಿಂದ ಕತ್ತರಿಸಿದ ಎರಡು ಮೂಲೆಪಟ್ಟಿಗಳನ್ನು ತರಿಸಿ ಚಿತ್ರದ ಮೇಲೆ ಜೋಡಿಸಿದರು. ಮೇಲ್ಗಡೆ ಬಲಮೂಲೆಯಲ್ಲಿ ಕೆಂಪು ಪ್ಲಾಸ್ಟಿಕ್ ಚೀಲವೊಂದು ಕಣ್ಣು ಚುಚ್ಚುತ್ತಿತ್ತು. ಅದನ್ನು ಮುಚ್ಚಿದರೆ ಹೂವಿನವನ ಕೈಯ ತುದಿ ಹೋಗುತ್ತದೆ. ಕೆಳಗಿನಿಂದ ಸರಿಸಿದರೆ ಮಗುವಿನ ಬೆರಳು ಹೋಗುತ್ತದೆ. ಚಿತ್ರವನ್ನು ಕತ್ತರಿಸಬಾರದು ಎಂದು ಹಟ ಹಿಡಿಯುತ್ತಿದ್ದ ಕಾರ್ಟಿಯೆ ಬ್ರೆಸ್ಸೋನ್ ಕೂಡ ಆ ಪ್ಯಾರಿಸ್ಸಿನ ಚಿತ್ರದ ಅಂಚನ್ನು ಕತ್ತರಿಸಬೇಕಾಯಿತು, ಯಾಕೆಂದರೆ ಅದನ್ನು ಬೇಲಿಯ ಸಂದಿಯಿಂದ ತೆಗೆದಿದ್ದರು. ಇಲ್ಲಿ ಹಾಗೆ ಮಾಡಲು ಬರುವಂತಿರಲಿಲ್ಲ. "ಚೀಲ ಇರಲಿ ಬಿಡು, ಮಾರುಕಟ್ಟೆ ಅಂದಮೇಲೆ ಚೀಲ ಇರುತ್ತದೆ" ಎಂದು ಪಟ್ಟಿ ತೆಗೆದರು.

ಇದು ಅದೃಷ್ಟದಿಂದ ಬಂದ ಚಿತ್ರವೇ? ಆ ಪ್ರಶ್ನೆ ನನ್ನನ್ನು ಕಾಡಿತು, ಮನೆಗೆ ಬಂದು ಅದರ ಹಿಂದಿನ ಚಿತ್ರಗಳನ್ನು ಒಂದೊಂದಾಗಿ ನೋಡಿದೆ. 195ರಿಂದ ನಾನು ಅದೇ ಜಾಗದಲ್ಲಿ ನಿಂತಿದ್ದೇನೆ. ಮಾರುಕಟ್ಟೆಯ ಮೇಲೆ ಎಳೆದ ನೀಲಿ ಟಾರ್ಪಾಲಿನ್ ಎಲ್ಲರ ಮುಖಕ್ಕೂ ನೀಲಿ ಬಳಿಯುತ್ತದೆ, ಹಳದಿ ಸೇವಂತಿಗೆ ಹಸಿರಾಗಿ ಕಾಣುತ್ತದೆ. ಎರಡು ಟಾರ್ಪಾಲಿನ್ ಕೂಡದ ಒಂದು ಸಂದಿಯಲ್ಲಿ ಮಾತ್ರ ಬೆಳ್ಳನೆಯ ಬಿಸಿಲು ಬೀಳುತ್ತಿತ್ತು, ಅದು ಬಿದ್ದದ್ದು ಈ ಹೂವಿನವನ ಕಟ್ಟೆಯ ಮೇಲೆ. 35 ಎಂಎಂ ಲೆನ್ಸ್, ನಾಲ್ಕು ಹೆಜ್ಜೆ ದೂರ, ಫೋಕಸ್ ಮೊದಲೇ ಕೂಡಿಸಿಟ್ಟದ್ದು. ಇಪ್ಪತ್ತು ನಿಮಿಷ ನಿಂತದ್ದರಿಂದ ಅವರು ನನ್ನನ್ನು ಮರೆತಿದ್ದರು. 211ರಲ್ಲಿ ಸರ ಇನ್ನೂ ಎದೆಯ ಬಳಿಯೇ ಇದೆ, ಯಾರದೋ ಕಪ್ಪು ಭುಜ ಹೆಂಗಸಿನ ಮುಖಕ್ಕೆ ಅಡ್ಡ ಬಂದಿದೆ. ಭುಜ ಸರಿದದ್ದು, ಮಗು ಕೈ ಚಾಚಿದ್ದು ನನ್ನ ಕೈಯಲ್ಲಿ ಇರಲಿಲ್ಲ. ನಿಲ್ಲುವ ಜಾಗ ನನ್ನದಾಗಿತ್ತು.

ಅಂದು ಹಜಾರದಲ್ಲಿ ಇನ್ನೊಂದು ನಡೆಯಿತು. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದ ಅತ್ತೆ ಮಾವನ ಹೆಗಲ ಮೇಲಿನಿಂದ ಚಿತ್ರ ನೋಡಿದರು. "ಎಲ್ಲಿ ಚಾಚುತ್ತಾನೆ? ಅಲ್ಲೇ ನಿಲ್ಲಿಸಿದ ನೋಡಿ. ಪಾಪ, ಆಕೆಗೆ ಗೊತ್ತಾಗಿದೆ" ಎಂದರು. ಮಾವ ಒಪ್ಪಲಿಲ್ಲ. ಕೈ ಇನ್ನೂ ಚಲಿಸುತ್ತಿದೆ, ಆಕೆಯದೇ ಸುಮ್ಮನೆ ಅನುಮಾನ ಎಂದರು. ಇಬ್ಬರೂ ಚಿತ್ರವನ್ನು ಕಿಟಕಿಯ ಬೆಳಕಿಗೆ ಒಯ್ದರು. ಮೊಣಕೈಯ ಮಡಿಕೆಯನ್ನು ಅತ್ತೆ ಬೆರಳಿಟ್ಟು ತೋರಿಸಿದರು, ಮಾವ ಮಣಿಕಟ್ಟಿನ ಕಡೆ ತೋರಿಸಿದರು. ಕೊನೆಗೆ ಅತ್ತೆ ನನ್ನ ಕಡೆ ತಿರುಗಿದರು.

"ನೀನು ಅಲ್ಲೇ ಇದ್ದೆಯಲ್ಲ. ಪೂರ್ತಿ ಅಳೆದನೋ ಇಲ್ಲವೋ?"

213ನೆಯ ಚಿತ್ರದಲ್ಲಿ ಅದು ಸ್ಪಷ್ಟವಾಗಿದೆ. ಕ್ಯಾಮೆರಾ ನನ್ನ ಪಕ್ಕದ ಚೀಲದಲ್ಲೇ ಇತ್ತು.

"ಗಮನಿಸಲಿಲ್ಲ ಅತ್ತೆ" ಎಂದೆ.