ಹತ್ತು ನಂಬರಿನ ಪಾನಾ

ಮಳೆಗಾಲದ ರಾತ್ರಿಯಲ್ಲಿ ದೇವಿಮನೆ ಘಟ್ಟ ಹತ್ತಿದವರಿಗೆ ಅಲ್ಲಿನ ಮಂಜನ್ನು ವಿವರಿಸಬೇಕಾಗಿಲ್ಲ. ಕಾರವಾರದ ಕೋಡಿಬಾಗದಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ ನಾನು ಶಿರಸಿಯಲ್ಲಿರುವ ತಾಯಿಯನ್ನು ನೋಡಲು ಹದಿನೈದು ದಿನಕ್ಕೊಮ್ಮೆ ಕುಮಟಾದ ಮೇಲೆ ಹೋಗಿಬರುತ್ತೇನೆ. ಹಿಂದಿನ ಜುಲೈಯಲ್ಲಿ ಘಟ್ಟದ ಒಂದು ತಿರುವಿನಲ್ಲಿ ಎದುರಿನಿಂದ ಬಂದ ಲಾರಿ ಹತ್ತು ಮಾರು ಹತ್ತಿರವಾಗುವವರೆಗೂ ನನಗೆ ಕಾಣಿಸಿರಲಿಲ್ಲ. ಆದ್ದರಿಂದ ಈ ಸಲ ಮಳೆ ಹಿಡಿಯುವ ಮೊದಲೇ ಕಾರಿಗೆ ಒಂದು ಜೋಡಿ ಫಾಗ್ ಲ್ಯಾಂಪ್ ಕೂರಿಸಬೇಕೆಂದು ನಿಶ್ಚಯಿಸಿ, ಮೇ ತಿಂಗಳ ಕೊನೆಯ ರವಿವಾರ ಬೆಳಿಗ್ಗೆ ಕೆಲಸಕ್ಕೆ ಇಳಿದೆ. ಊರಿನ ಮನೆಯಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಕೂಡಿಸಿ ಅಭ್ಯಾಸವಿದ್ದ ನನಗೆ, ಬರಿಗೈಯಲ್ಲಿ ಮುಟ್ಟಿದರೂ ಜುಮ್ಮೆನ್ನದ 12 ವೋಲ್ಟಿನ ಬ್ಯಾಟರಿ ಹೆದರಬೇಕಾದ ವಸ್ತುವಾಗಿ ತೋರಲಿಲ್ಲ.

ಕಾರು ಮೂರು ವಾರ ನಿಂತಲ್ಲೇ ನಿಂತು ಬ್ಯಾಟರಿ ಇಳಿದಿತ್ತು. ಹಿಂದಿನ ರಾತ್ರಿ ಅದನ್ನು ತಗಡಿನ ಶೆಡ್ಡಿನೊಳಗೆ, ವಯರು ಹೊರಬರುವಷ್ಟೇ ಸಂದು ಬಿಟ್ಟು ಬಾನೆಟ್ ಇಳಿಸಿ, ಚಾರ್ಜಿಗೆ ಹಾಕಿದ್ದೆ. ಬೆಳಿಗ್ಗೆ ಚಾರ್ಜರ್ ತೆಗೆದ ಕೂಡಲೇ ಬಾನೆಟ್ ಎತ್ತಿ, ಕೆಂಪು ಮುಚ್ಚಳ ಸರಿಸಿ, ಪ್ಲಸ್ ಟರ್ಮಿನಲ್ಲಿನ ನಟ್ಟಿಗೆ ಹತ್ತು ನಂಬರಿನ ಪಾನಾ, ಅಂದರೆ ಸ್ಪ್ಯಾನರ್, ಹಾಕಿದೆ. ಲ್ಯಾಂಪಿನ ವಯರು ಸೇರಬೇಕಾದದ್ದು ಪ್ಲಸ್ಸಿಗೆ, ಆದ್ದರಿಂದ ಬಿಚ್ಚಬೇಕಾದದ್ದೂ ಅದನ್ನೇ ಎಂದಷ್ಟೇ ಯೋಚಿಸಿದ್ದೆ. ನಟ್ಟು ಹಿಡಿದುಕೊಂಡಿತ್ತು. ಬಲ ಹಾಕಿ ತಿರುಗಿಸಿದಾಗ ಪಾನಾ ಒಮ್ಮೆಲೇ ಸರಿದು ಅದರ ಇನ್ನೊಂದು ತುದಿ ಬ್ಯಾಟರಿಯನ್ನು ಬಿಗಿದಿದ್ದ ಕಬ್ಬಿಣದ ಪಟ್ಟಿಗೆ ತಗುಲಿತು.

ಪಟಾಕಿ ಸಿಡಿದಂತಹ ಶಬ್ದ, ಕಣ್ಣು ಕುಕ್ಕುವ ನೀಲಿ ಬೆಳಕು, ಸುಟ್ಟ ಲೋಹದ ವಾಸನೆ. ಪಾನಾ ಕ್ಷಣಕಾಲ ಪಟ್ಟಿಗೆ ಅಂಟಿಕೊಂಡು, ನನ್ನ ಕೈ ಹಿಂದಕ್ಕೆ ಎಳೆದ ರಭಸಕ್ಕೆ ಬಿಟ್ಟುಕೊಂಡು ನೆಲಕ್ಕೆ ಬಿತ್ತು. ಆಮೇಲೆ ನೋಡಿದರೆ ಅದರ ಉಕ್ಕಿನ ಅಂಚಿನಲ್ಲಿ ಹೆಸರುಕಾಳಿನಷ್ಟು ಭಾಗ ಕರಗಿ ಗುಳಿ ಬಿದ್ದಿತ್ತು.

ಶಬ್ದ ಕೇಳಿ ಎದುರು ಮನೆಯ ಮಾಮ ಬಂದರು. ಅವರು ಬೈತಕೋಲದ ಬಂದರಿನಲ್ಲಿ ಮೀನುಗಾರಿಕೆ ಬೋಟುಗಳ ವಯರಿಂಗ್ ಮತ್ತು ಬ್ಯಾಟರಿ ಕೆಲಸ ಮಾಡಿ ವಯಸ್ಸಾದವರು. ಪಾನಾವನ್ನಾಗಲಿ ಬ್ಯಾಟರಿಯನ್ನಾಗಲಿ ನೋಡದೆ ಮೊದಲು ನನ್ನ ಕೈ ನೋಡಿ, "ತಮಾ, ಹಿಂದೆ ಬಾ. ಉಂಗುರ ತೆಗಿ" ಎಂದರು. ನಂತರ ತಮ್ಮ ಎಡಗೈಯ ಮಣಿಕಟ್ಟನ್ನು ಮುಂದೆ ಚಾಚಿದರು. ಅದರ ಸುತ್ತ ಬಳೆಯ ಹಾಗೆ ಒಂದು ಹಳೆಯ ಸುಟ್ಟ ಕಲೆ ಇತ್ತು. ಹುಡುಗರಾಗಿದ್ದಾಗ ಬೋಟಿನ ಬ್ಯಾಟರಿಯ ಮೇಲೆ ಕೈಯಾಡಿಸುವಾಗ ಗಡಿಯಾರದ ಸ್ಟೀಲ್ ಪಟ್ಟಿ ಪ್ಲಸ್ಸಿಗೂ ಪಾನಾಕ್ಕೂ ನಡುವೆ ಸಿಕ್ಕಿ, ಬಿಚ್ಚುವಷ್ಟರಲ್ಲಿ ಚರ್ಮ ಬೆಂದುಹೋಗಿತ್ತಂತೆ. ನನ್ನ ಬಲಗೈಯ ಚಿನ್ನದ ಉಂಗುರ ಆ ಕಬ್ಬಿಣದ ಪಟ್ಟಿಯಿಂದ ಎರಡು ಬೆರಳಿನ ಅಂತರದಲ್ಲಿತ್ತೆಂಬುದು ಆಗಷ್ಟೇ ನನಗೆ ಹೊಳೆಯಿತು.

ಅವರ ಎರಡನೆಯ ಪ್ರಶ್ನೆ, "ರಾತ್ರಿ ಚಾರ್ಜಿಗೆ ಹಾಕಿದ್ಯಾ?" ಎಂಬುದು. ಹೌದೆಂದೆ. ಮಾಮ ಒಂದು ಗಳಿಗೆ ಮಾತಾಡಲಿಲ್ಲ. ಸೀಸ ಮತ್ತು ಆಮ್ಲದ ಬ್ಯಾಟರಿ ಚಾರ್ಜ್ ಆಗುತ್ತ ತುಂಬಿಬರುವಾಗ ಅದರೊಳಗಿನ ನೀರು ಒಡೆದು ಜಲಜನಕ ಮತ್ತು ಆಮ್ಲಜನಕ ಹೊರಬರುತ್ತವೆ. ಗಾಳಿಯಲ್ಲಿ ಶೇಕಡಾ 4ರಷ್ಟು ಜಲಜನಕ ಸೇರಿದರೂ ಒಂದು ಕಿಡಿಗೆ ಅದು ಹೊತ್ತಿಕೊಳ್ಳುತ್ತದೆ. ಬೆಂಕಿ ಬ್ಯಾಟರಿಯ ಒಳಕ್ಕೆ ಹೋದರೆ ಪ್ಲಾಸ್ಟಿಕ್ಕಿನ ಡಬ್ಬ ಸಿಡಿದು, ಗಂಧಕಾಮ್ಲ ಬಗ್ಗಿ ನೋಡುತ್ತಿರುವವನ ಮುಖಕ್ಕೇ ರಾಚುತ್ತದೆ. ಜಲಜನಕ ಹಗುರವಾದ್ದರಿಂದ ಬಾನೆಟ್ ಪೂರ್ತಿ ತೆರೆದು ಗಾಳಿಯಾಡಲು ಬಿಟ್ಟರೆ ಮೇಲೇರಿ ಚದುರಿಹೋಗುತ್ತದೆ. ನಾನು ಅದನ್ನು ಮುಚ್ಚಿದ ಬಾನೆಟ್ಟಿನ ಕೆಳಗೆ ಕೂಡಿಟ್ಟು, ತೆರೆದ ಕೂಡಲೇ ಕಿಡಿ ಹಾರಿಸಿದ್ದೆ. ಕನ್ನಡಕವನ್ನೂ ಹಾಕಿರಲಿಲ್ಲ. ಇಂದಿಗೂ ಆ ದಿನ ನೆನಪಾದಾಗ ನನ್ನನ್ನು ನಡುಗಿಸುವುದು ಆ ನೀಲಿ ಬೆಳಕಲ್ಲ, ಈ ಸಂಗತಿ.

ಇಬ್ಬರೂ ಸೇರಿ ಕಾರನ್ನು ಅಂಗಳಕ್ಕೆ ತಳ್ಳಿ, ಬಾನೆಟ್ ತೆರೆದಿಟ್ಟು, ಜಗುಲಿಯ ಮೇಲೆ ಅರ್ಧ ಗಂಟೆ ಕುಳಿತೆವು. ಆಗಲೇ ಮಾಮ ಬಿಚ್ಚುವ ಕ್ರಮದ ಹಿಂದಿನ ಕಾರಣವನ್ನು ನನಗೆ ಬಿಡಿಸಿ ಹೇಳಿದ್ದು. ಇಂದಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ಗಾಡಿಯ ಬಾಡಿಗೆ, ಅಂದರೆ ಅದರ ಲೋಹದ ಒಡಲಿಗೆ, ಕೂಡಿರುತ್ತದೆ; ಎಂಜಿನ್ನು, ಬಾಗಿಲು, ಬ್ಯಾಟರಿ ಬಿಗಿದ ಪಟ್ಟಿ, ಕಣ್ಣಿಗೆ ಬೀಳುವ ಕಬ್ಬಿಣವೆಲ್ಲವೂ ಮೈನಸ್ಸೇ. ಹೀಗಾಗಿ ಮೈನಸ್ ಕೂಡಿರುವಾಗಲೇ ಪ್ಲಸ್ಸಿನ ಮೇಲಿರುವ ಪಾನಾ ಎಲ್ಲಿ ತಗುಲಿದರೂ ಸುತ್ತು ಪೂರ್ಣಗೊಂಡು ಶಾರ್ಟ್ ಆಗುತ್ತದೆ. ಮೊದಲು ಮೈನಸ್ ಬಿಚ್ಚುವಾಗಲಾದರೋ ಪಾನಾ ಬಾಡಿಗೆ ತಗುಲಿದರೂ ಮೈನಸ್ಸಿಗೆ ಮೈನಸ್ ಸೇರಿದಂತಾಗುವುದರಿಂದ ಏನೂ ಆಗದು. ಅದು ಬಿಚ್ಚಿದ ಮೇಲೆ ಪ್ಲಸ್ಸಿನ ಪಾನಾ ಬಾಡಿಗೆ ತಗುಲಿದರೂ ಕರೆಂಟಿಗೆ ಮರಳುವ ದಾರಿಯೇ ಇರುವುದಿಲ್ಲ. ಕೂಡಿಸುವಾಗ ಇದು ತಿರುಗುಮುರುಗು: ಪ್ಲಸ್ ಮೊದಲು, ಮೈನಸ್ ಕೊನೆಗೆ.

ಮೈಗೆ ಹೊಡೆಯದ ಕರೆಂಟು ಉಕ್ಕನ್ನು ಕರಗಿಸಿದ್ದಾದರೂ ಹೇಗೆ ಎಂದು ಕೇಳಿದೆ. ಒಣಗಿದ ಚರ್ಮದ ಮೂಲಕ ಹೇಳಿಕೊಳ್ಳುವಷ್ಟು ಕರೆಂಟನ್ನು ಹರಿಸಲು 12 ವೋಲ್ಟಿನ ಒತ್ತಡ ಸಾಲದು; ಆದರೆ ಎಂಜಿನ್ ತಿರುಗಿಸುವುದಕ್ಕೆಂದೇ ಮಾಡಿದ ಈ ಬ್ಯಾಟರಿ, ಅಡ್ಡಿಯಿಲ್ಲದ ಲೋಹದ ದಾರಿ ಸಿಕ್ಕಿದರೆ, ನೂರಾರು ಆಂಪಿಯರ್ ಸುರಿದುಬಿಡುತ್ತದೆ. ನಮ್ಮ ಮನೆಯ ಪ್ಲಗ್ಗು 16 ಆಂಪಿಯರಿನದು. ವೋಲ್ಟನ್ನು ಮಾತ್ರ ನೋಡಿ ಧೈರ್ಯ ತಂದುಕೊಂಡದ್ದೇ ನನ್ನ ತಪ್ಪು. ಲ್ಯಾಂಪಿನ ಪೆಟ್ಟಿಗೆಯಲ್ಲಿದ್ದ ಹಾಳೆಯೂ ವಯರಿನ ಬಣ್ಣಗಳನ್ನು ಹೇಳಿತ್ತೇ ಹೊರತು ಬ್ಯಾಟರಿ ಬಿಚ್ಚುವ ಮಾತನ್ನೇ ಎತ್ತಿರಲಿಲ್ಲ. ಕೊಳ್ಳುವವನ ಕೈಗೆ ಮೊದಲು ಸಿಗಬೇಕಾದ ಮಾತು ಅದೇ ಎಂದು ನಾನು ದೃಢವಾಗಿ ನಂಬುತ್ತೇನೆ.

ಮತ್ತೆ ಕೆಲಸ ಹಿಡಿದಾಗ, ಹತ್ತೂವರೆಯಾಗಿತ್ತು. ಮೈನಸ್ ಕೇಬಲ್ ಬಿಚ್ಚಿ, ಅದು ತಾನಾಗಿ ಹೊರಳಿ ಟರ್ಮಿನಲ್ಲಿಗೆ ತಾಗದಂತೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಬದಿಗೆ ಕಟ್ಟಿದೆವು. ಟರ್ಮಿನಲ್ಲುಗಳ ಮೇಲೆ ಬೂದುಬಣ್ಣದ ಪುಡಿ ಗಟ್ಟಿಯಾಗಿ ಕೂತಿತ್ತು. ಕಾರವಾರದ ಉಪ್ಪುಗಾಳಿಯಲ್ಲಿ ಲೋಹದ ಯಾವ ಜೋಡಣೆಯೂ ಬಹುದಿನ ಚೊಕ್ಕಟವಾಗಿರುವುದಿಲ್ಲ. ಅಡಿಗೆ ಸೋಡಾ ಕದಡಿದ ನೀರನ್ನು ಬ್ಯಾಟರಿಯ ಒಳಕ್ಕೆ ಹೋಗದಂತೆ ಹಚ್ಚಿ, ಹಳೆಯ ಬ್ರಶ್ಶಿನಿಂದ ಉಜ್ಜಿ, ಒರೆಸಿದೆವು. ಪಕ್ಕದಲ್ಲಿ ಒಂದು ಕೊಡ ನೀರು ಇಟ್ಟುಕೊಂಡಿದ್ದೆವು. ಆಮ್ಲ ಕಣ್ಣಿಗೆ ಹಾರಿದರೆ ಮೊದಲು ಬಹಳ ಹೊತ್ತು ನೀರಿನಿಂದ ತೊಳೆಯಬೇಕು, ಆಮೇಲೆ ಆಸ್ಪತ್ರೆಗೆ ಹೋಗಬೇಕು.

ಫ್ಯೂಸಿನ ವಿಷಯದಲ್ಲಿಯೂ ನನ್ನ ಎಣಿಕೆ ತಪ್ಪಾಗಿತ್ತು. ಲ್ಯಾಂಪನ್ನು ಕಾಯುವ ಫ್ಯೂಸು ಲ್ಯಾಂಪಿನ ಹತ್ತಿರವೇ ಇರಬೇಕೆಂದು ನಾನು ಅದನ್ನು ಬಂಪರಿನ ಬಳಿ ಕೂರಿಸಲು ಹೊರಟಿದ್ದೆ. ಮಾಮ ಅದನ್ನು ಕಿತ್ತು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇಡಿಸಿದರು. ಫ್ಯೂಸು ಕಾಯುವುದು ವಯರನ್ನು. ಗಾಡಿಯ ಅಲುಗಾಟಕ್ಕೆ ವಯರಿನ ಹೊದಿಕೆ ತಗಡಿನ ಅಂಚಿಗೆ ಸವೆದು ತಾಮ್ರ ಬಾಡಿಗೆ ತಗುಲಿದರೆ, ಬ್ಯಾಟರಿಯಿಂದ ಫ್ಯೂಸಿನವರೆಗಿನ ಉದ್ದಕ್ಕೆ ಯಾವ ರಕ್ಷಣೆಯೂ ಇರುವುದಿಲ್ಲ. ಆ ತುಂಡು ಕೆಂಪಗೆ ಕಾದು ಬೆಂಕಿ ಹಚ್ಚುತ್ತದೆ. ತಗಡು ದಾಟುವಲ್ಲೆಲ್ಲ ರಬ್ಬರಿನ ಬುಶ್ ಹಾಕಿದೆವು. 55 ವ್ಯಾಟಿನ ಎರಡು ಬಲ್ಬುಗಳಿಗೆ ಒಟ್ಟು 110 ವ್ಯಾಟ್, ಅಂದರೆ ಸುಮಾರು 9 ಆಂಪಿಯರ್. ಅದಕ್ಕೆ 2.5 ಚದರ ಮಿಲಿಮೀಟರಿನ ವಯರು, ನೀಲಿ ಬಣ್ಣದ 15 ಆಂಪಿಯರ್ ಫ್ಯೂಸು. ಅಂಗಡಿಯವರು ಮುಂದಿಗೆ ಬೇಕಾದೀತೆಂದು ಕೊಟ್ಟಿದ್ದ ಹಸಿರು ಬಣ್ಣದ 30 ಆಂಪಿಯರಿನದನ್ನು ಮಾಮ ನನ್ನ ಪೆಟ್ಟಿಗೆಯಿಂದಲೇ ತೆಗೆದಿಟ್ಟರು, ಏಕೆಂದರೆ ಅವಸರದಲ್ಲಿ ಕೈ ಅದರ ಮೇಲೆಯೇ ಹೋಗುತ್ತದೆ. ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಇಷ್ಟು ಭಾರ ಹೊರಿಸಬಾರದೆಂದು ನಡುವೆ ರಿಲೇ, ಅಂದರೆ ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಲ್ಯಾಂಪಿನ ದೊಡ್ಡ ಕರೆಂಟನ್ನು ಕೂಡಿಸಿ ಬಿಡಿಸುವ ಸಾಧನ, ಬಂತು: ಅದರ 30 ನಂಬರಿನ ಪಿನ್ನಿಗೆ ಫ್ಯೂಸಿನಿಂದ ಬಂದ ವಯರು, 87ರಿಂದ ಲ್ಯಾಂಪಿಗೆ, 85 ಮತ್ತು 86 ಸ್ವಿಚ್ಚಿನ ಹಾಗೂ ಅರ್ಥಿನ (ಬಾಡಿಯ ಮೈನಸ್ಸಿನ) ಪಾಲಿಗೆ.

ಎಲ್ಲ ಜೋಡಣೆಯೂ ಮುಗಿದ ಮೇಲೆ ಫ್ಯೂಸು ಹಾಕಿ, ಪ್ಲಸ್ ಬಿಗಿದು, ಕೊನೆಗೆ ಮೈನಸ್ ಕೂಡಿಸಿದೆ. ಸ್ಟೀರಿಯೋ ಮತ್ತು ಗಡಿಯಾರ ಎಳೆದುಕೊಳ್ಳುವ ಕರೆಂಟಿಗೆ ಟಿಕ್ಕೆಂದು ಒಂದು ಸಣ್ಣ ಕಿಡಿ ಕಂಡಿತು. ಅದಷ್ಟು ಸಹಜವೆಂದು ಮಾಮ ತಲೆಯಾಡಿಸಿದರು. ಟರ್ಮಿನಲ್ಲುಗಳಿಗೆ ವ್ಯಾಸಲಿನ್ ಸವರಿ ಎಂಜಿನ್ ಚಾಲೂ ಮಾಡಿದಾಗ ಮೀಟರು 14.1 ವೋಲ್ಟ್ ತೋರಿಸಿತು. ದೀಪ ಹೊತ್ತಿಸಿ ಇಪ್ಪತ್ತು ನಿಮಿಷ ಬಿಟ್ಟು, ಮಾಮ ಫ್ಯೂಸಿನ ಹೋಲ್ಡರಿಗೂ ವಯರಿನ ಪ್ರತಿ ಗಂಟಿಗೂ ಅಂಗೈಯ ಹಿಂಬದಿ ತಾಗಿಸುತ್ತ ಬಂಪರಿನವರೆಗೆ ಬಂದರು. ಎಲ್ಲಿಯೂ ಬಿಸಿಯಿರಲಿಲ್ಲ.

ಹೋಗುವ ಮೊದಲು ಅವರು ಆ ಪಾನಾವನ್ನು ನೆಲದಿಂದ ಎತ್ತಿ, ಬಾಯಿಯೊಂದನ್ನು ಬಿಟ್ಟು ಉದ್ದಕ್ಕೂ ಇನ್ಸುಲೇಶನ್ ಟೇಪನ್ನು ಎರಡು ಪದರ ಸುತ್ತಿ ನನ್ನ ಕೈಗೆ ಕೊಟ್ಟರು. ಈಗಲೂ ಬ್ಯಾಟರಿ ಕೆಲಸಕ್ಕೆ ಅದನ್ನೇ ಬಳಸುತ್ತೇನೆ. ಹಿಡಿದಾಗ ಟೇಪಿನ ಕೆಳಗಿನ ಗುಳಿ ಹೆಬ್ಬೆರಳಿಗೆ ಸಿಗುತ್ತದೆ. ಆಗ ಉಂಗುರ ತೆಗೆದು ಜೇಬಿಗೆ ಹಾಕಿ, ಮೈನಸ್ಸಿನ ಬದಿಗೆ ಹೋಗಿ ನಿಲ್ಲುತ್ತೇನೆ.