ಜ್ವಾಲೆಯ ಬಣ್ಣವನ್ನು ನಂಬಿ ಮಾಡಿದ ತಪ್ಪು

ಗ್ಯಾಸ್ ಅಗ್ಗಿಷ್ಟಿಕೆಗಳನ್ನು ಅಳವಡಿಸುವ ಮತ್ತು ದುರಸ್ತಿ ಮಾಡುವ ಕೆಲಸಕ್ಕೆ ಸೇರಿದ ಎರಡನೆಯ ವರ್ಷದಲ್ಲಿ, ನೈಸರ್ಗಿಕ ಅನಿಲದಿಂದ ಉರಿಯುತ್ತಿದ್ದ ಒಂದು ಅಗ್ಗಿಷ್ಟಿಕೆಯನ್ನು ಪ್ರೊಪೇನ್‌ಗೆ ಹೊಂದಿಸಿಕೊಡುವ ಕೆಲಸ ಮೊದಲ ಬಾರಿಗೆ ನನ್ನೊಬ್ಬನ ಪಾಲಿಗೆ ಬಂದಿತು. ಆ ಕುಟುಂಬ ಕೊಳವೆ ಅನಿಲದ ಸಂಪರ್ಕವಿಲ್ಲದ ಮನೆಗೆ ಬಂದಿತ್ತು. ಹೊರಗೆ ಪ್ರೊಪೇನ್ ಟ್ಯಾಂಕ್ ಇತ್ತು. ತಯಾರಕರು ಆ ಮಾದರಿಗೆಂದೇ ಕೊಡುವ ಕನ್ವರ್ಷನ್ ಕಿಟ್ ತೆಗೆದುಕೊಂಡು ಹೋಗಿ, ಬರ್ನರಿನ ಜೆಟ್ (ಅನಿಲ ಹೊಮ್ಮುವ ಸಣ್ಣ ರಂಧ್ರದ ಬಿಡಿಭಾಗ), ಬರ್ನರನ್ನು ಹೊತ್ತಿಸುವ ಪುಟ್ಟ ಉರಿಯಾದ ಪೈಲಟ್‌ನ ಜೆಟ್ ಮತ್ತು ವಾಲ್ವಿನ ಮೇಲೆ ಒತ್ತಡವನ್ನು ನಿಯಂತ್ರಿಸುವ ರೆಗ್ಯುಲೇಟರ್ ಮೂರನ್ನೂ ಬದಲಾಯಿಸಿ, ಸೋಪಿನ ನೀರು ಹಚ್ಚಿ ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಂಡು, ಹೊತ್ತಿಸಿ ನೋಡಿದೆ. ಕೃತಕ ಕೊರಡುಗಳ ನಡುವಿನಿಂದ ಹೊಂಬಣ್ಣದ ಉರಿ ಚೆನ್ನಾಗಿ ಎದ್ದಿತು. ಹತ್ತು ನಿಮಿಷ ನೋಡಿ, ಗಾಜನ್ನು ಮತ್ತೆ ಕೂರಿಸಿ, ಸಹಿ ಹಾಕಿಸಿಕೊಂಡು ಬಂದೆ.

ಮೂರು ವಾರಗಳ ನಂತರ ಅದೇ ಮನೆಯಿಂದ ಕರೆ ಬಂದಿತು. ನನ್ನೊಂದಿಗೆ ಹಿರಿಯ ಮೆಕ್ಯಾನಿಕ್ ಒಬ್ಬರು ಬಂದಿದ್ದರು. ಗಾಜಿನ ಒಳಮೈ ಪೂರ್ತಿ ಕಪ್ಪಾಗಿತ್ತು, ಕೊರಡುಗಳ ಮೇಲೆ ಬೆರಳಿಗೆ ಮೆತ್ತುವಷ್ಟು ಮಸಿ ಕೂತಿತ್ತು, ಹೊರಗೋಡೆಯಲ್ಲಿ ಹೊಗೆಗೊಳವೆಯ ಬಾಯಿಯ ಸುತ್ತ ಕಪ್ಪು ಕಲೆ ಹರಡಿತ್ತು. ಅವರು ಕೇಳಿದ ಮೊದಲ ಪ್ರಶ್ನೆ, “ಗಾಜು ಹಾಕಿ ಉರಿ ನೋಡಿದೆಯಾ, ತೆಗೆದು ನೋಡಿದೆಯಾ?” ನಾನು ಗಾಜು ತೆಗೆದಿಟ್ಟೇ ನೋಡಿದ್ದೆ. ಎರಡನೆಯ ಪ್ರಶ್ನೆ, “ಗಾಳಿಯ ಷಟರ್ ಎಷ್ಟು ತೆರೆದೆ?” ಅನಿಲದೊಂದಿಗೆ ಬೆರೆಯುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಆ ಕಿಂಡಿಯನ್ನು ನಾನು ಮುಟ್ಟಿರಲೇ ಇಲ್ಲ.

ಹೊಗೆಗೊಳವೆಗೆ ಅನಿಲ ವಿಶ್ಲೇಷಕದ ಕಡ್ಡಿಯನ್ನು ಇಳಿಸಿದಾಗ ಇಂಗಾಲದ ಮೊನಾಕ್ಸೈಡ್ ಇರಬೇಕಾದುದಕ್ಕಿಂತ ಬಹಳ ಹೆಚ್ಚು ಇದ್ದುದು ಕಂಡಿತು. ಆ ಅಗ್ಗಿಷ್ಟಿಕೆ ಹೊರಗಿನಿಂದಲೇ ಗಾಳಿ ಎಳೆದು ಹೊರಗೇ ಹೊಗೆ ಬಿಡುವ, ಮುಚ್ಚಿದ ಮಾದರಿಯದು. ಗಾಜಿನ ಅಂಚಿನ ಗ್ಯಾಸ್ಕೆಟ್ ಸರಿಯಾಗಿ ಕೂತಿದ್ದುದರಿಂದ ಆ ವಿಷ ಕೋಣೆಯೊಳಗೆ ಬಂದಿರಲಿಲ್ಲ. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಆ ಅನಿಲ ಒಂದು ಗ್ಯಾಸ್ಕೆಟ್‌ನ ಆಚೆ ಮೂರು ವಾರ ಉತ್ಪತ್ತಿಯಾಗುತ್ತಿತ್ತು, ಈಚೆ ಮಕ್ಕಳು ಆಡುತ್ತಿದ್ದರು ಎಂಬುದನ್ನು ಇಂದಿಗೂ ನಾನು ನೆಮ್ಮದಿಯಿಂದ ನೆನೆಯಲಾರೆ.

ನಾನು ಎಲ್ಲಿ ತಪ್ಪಿದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಡುಗೆ ಒಲೆಯಲ್ಲಿ ಉರಿ ನೀಲಿಯಾಗಿದ್ದರೆ ಸರಿ, ಹಳದಿಯಾದರೆ ಗಾಳಿ ಸಾಲದು ಎಂದು ನಾವೆಲ್ಲ ಕಲಿತಿರುತ್ತೇವೆ. ಆದರೆ ಅಲಂಕಾರಕ್ಕಾಗಿ ಕಟ್ಟಿಗೆಯ ಉರಿಯಂತೆ ಕಾಣಬೇಕೆಂದು ಮಾಡಿದ ಗ್ಯಾಸ್ ಅಗ್ಗಿಷ್ಟಿಕೆಯಲ್ಲಿ ಜ್ವಾಲೆಯನ್ನು ಬೇಕೆಂದೇ ಹಳದಿಯಾಗಿಸಿರುತ್ತಾರೆ. ಹಳದಿ ಬಣ್ಣವೆಂದರೆ ಜ್ವಾಲೆಯೊಳಗೆ ಕಾದು ಹೊಳೆಯುವ ಇಂಗಾಲದ ಕಣಗಳು. ಅವು ಜ್ವಾಲೆಯ ತುದಿ ತಲುಪುವ ಮೊದಲೇ ಉರಿದು ಮುಗಿದರೆ ಅದು ಸರಿಯಾದ ಉರಿ, ಉರಿಯದೆ ಉಳಿದು ತಣ್ಣನೆಯ ಮೇಲ್ಮೈಗೆ ತಾಗಿದರೆ ಮಸಿ. ಈ ಎರಡರ ನಡುವಿನ ವ್ಯತ್ಯಾಸ ಹತ್ತು ನಿಮಿಷದಲ್ಲಿ, ಅದೂ ಗಾಜಿಲ್ಲದೆ ಕೋಣೆಯ ಗಾಳಿ ಯಥೇಚ್ಛವಾಗಿ ನುಗ್ಗುತ್ತಿರುವಾಗ, ಕಣ್ಣಿಗೆ ಕಾಣುವುದಿಲ್ಲ.

ಇಂಧನ ಬದಲಾದಾಗ ಗಾಳಿಯ ಲೆಕ್ಕ ಏಕೆ ಬದಲಾಗುತ್ತದೆ ಎಂಬುದು ಎರಡು ಅನಿಲಗಳ ಸ್ವಭಾವದಲ್ಲೇ ಇದೆ. ನೈಸರ್ಗಿಕ ಅನಿಲದ ಬಹುಭಾಗ ಮೀಥೇನ್. ಒಂದು ಘನ ಅಡಿಯಲ್ಲಿ ಸುಮಾರು 1,000 ಬಿಟಿಯು (ಶಾಖವನ್ನು ಅಳೆಯುವ ಏಕಮಾನ) ಶಾಖವಿದ್ದು, ಅದು ಪೂರ್ತಿ ಉರಿಯಲು ಸುಮಾರು 10 ಘನ ಅಡಿ ಗಾಳಿ ಬೇಕು. ಒಂದು ಘನ ಅಡಿ ಪ್ರೊಪೇನ್‌ನಲ್ಲಿ ಸುಮಾರು 2,500 ಬಿಟಿಯು ಇದ್ದು, ಸುಮಾರು 24 ಘನ ಅಡಿ ಗಾಳಿ ಬೇಕಾಗುತ್ತದೆ. ಆದ್ದರಿಂದ ಪ್ರೊಪೇನ್‌ನ ಜೆಟ್ ಸಣ್ಣದು, ಒತ್ತಡ ಹೆಚ್ಚು, ಮತ್ತು ಬಹುಪಾಲು ಬರ್ನರುಗಳಲ್ಲಿ ಷಟರ್ ಹೆಚ್ಚು ತೆರೆದಿರಬೇಕು. ಆ ಮಾದರಿಯ ಕೈಪಿಡಿಯಲ್ಲಿ ಯಾವ ಇಂಧನಕ್ಕೆ ಷಟರ್ ಎಷ್ಟು ತೆರೆದಿರಬೇಕು ಎಂದು ಅಳತೆಯ ಸಮೇತ ಅಚ್ಚಾಗಿತ್ತು. ಕಿಟ್‌ನಲ್ಲಿ ಬಂದ ಬಿಡಿಭಾಗಗಳನ್ನೆಲ್ಲ ಹಾಕಿದೆನಲ್ಲ ಎಂಬ ತೃಪ್ತಿಯಲ್ಲಿ ನಾನು ಆ ಪುಟವನ್ನು ತಿರುವಿರಲಿಲ್ಲ.

ಬಿಡಿಭಾಗಗಳನ್ನೂ ಬದಲಾಯಿಸದೆ ಟ್ಯಾಂಕಿನ ಕೊಳವೆಯನ್ನು ನೇರವಾಗಿ ಜೋಡಿಸುವವರೂ ಇದ್ದಾರೆ. ಅದರ ಪರಿಣಾಮ ನನ್ನ ತಪ್ಪಿಗಿಂತ ಬಹಳ ಭೀಕರ. ಬಹುಪಾಲು ಅಗ್ಗಿಷ್ಟಿಕೆಗಳಲ್ಲಿ ನೈಸರ್ಗಿಕ ಅನಿಲ ಬರ್ನರಿಗೆ ಸುಮಾರು 3.5 ನೀರಿನ ಅಂಗುಲ ಒತ್ತಡದಲ್ಲಿ ಬರುತ್ತದೆ, ಪ್ರೊಪೇನ್ ಸುಮಾರು 10 ನೀರಿನ ಅಂಗುಲದಲ್ಲಿ. ಯು ಆಕಾರದ ನಳಿಕೆಯಲ್ಲಿ ಅನಿಲವು ನೀರನ್ನು ಎಷ್ಟು ಅಂಗುಲ ಮೇಲಕ್ಕೆ ತಳ್ಳುತ್ತದೆ ಎಂಬುದೇ ಈ ಅಳತೆ. ನೈಸರ್ಗಿಕ ಅನಿಲದ ದೊಡ್ಡ ಜೆಟ್ ಹಾಗೆಯೇ ಇದ್ದು ಪ್ರೊಪೇನ್ ತನ್ನ ಒತ್ತಡದಲ್ಲಿ ಹರಿದರೆ, ಬರ್ನರ್ ತಾಳಬೇಕಾದ ಶಾಖದ ಎರಡೂವರೆ ಪಟ್ಟು ಶಾಖ ಅದರಿಂದ ಹೊರಡುತ್ತದೆ. ಒಂದೇ ಬರ್ನರಿಗೆ ನೈಸರ್ಗಿಕ ಅನಿಲದ ಜೆಟ್ ಸುಮಾರು 2.1 ಮಿಲಿಮೀಟರ್ ಇದ್ದರೆ ಪ್ರೊಪೇನ್‌ನ ಜೆಟ್ 1.3 ಮಿಲಿಮೀಟರ್ ಆಸುಪಾಸಿನಲ್ಲಿರುತ್ತದೆ. ಈ ಅಂತರ ಕೈಯಲ್ಲಿ ಹಿಡಿದಾಗ ಹೆಚ್ಚೇನೂ ಅನ್ನಿಸದು. ಇನ್ನು, ಪ್ರೊಪೇನ್ ಜೆಟ್ಟನ್ನು ಡ್ರಿಲ್ಲಿನಿಂದ ಹಿಗ್ಗಿಸಿ ನೈಸರ್ಗಿಕ ಅನಿಲಕ್ಕೆ ಬಳಸಲು ಯತ್ನಿಸಿದ ಉದಾಹರಣೆಗಳನ್ನೂ ಕಂಡಿದ್ದೇನೆ. ಹಾಗೆ ಕೊರೆದ ರಂಧ್ರದ ಅಂಚು ಒರಟಾಗಿ, ಅನಿಲದ ಧಾರೆ ಓರೆಯಾಗಿ ಹೊಮ್ಮಿ, ಗಾಳಿಯೊಂದಿಗೆ ಬೆರೆಯುವ ಕ್ರಮವೇ ಕೆಡುತ್ತದೆ.

ಪ್ರೊಪೇನ್‌ನ ಇನ್ನೊಂದು ಗುಣವನ್ನು ನಾನು ಗ್ರಾಹಕರಿಗೆ ಪ್ರತಿ ಬಾರಿಯೂ ಬಿಡಿಸಿ ಹೇಳುತ್ತೇನೆ. ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಸೋರಿದರೆ ಮೇಲೇರುತ್ತದೆ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಅದು ನೆಲ ಹಿಡಿದು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ, ಗಾಳಿಯಲ್ಲಿ ಶೇಕಡಾ 2ರ ಸುಮಾರಿಗೆ ಬೆರೆತರೂ ಹೊತ್ತಿಕೊಳ್ಳಬಲ್ಲದು. ಅಗ್ಗಿಷ್ಟಿಕೆಯ ಪೆಟ್ಟಿಗೆಯೊಳಗೂ ಇದೇ ನಡೆಯುತ್ತದೆ. ಪೈಲಟ್‌ನ ಉರಿ ಬರ್ನರಿನ ಮೊದಲ ರಂಧ್ರಗಳನ್ನು ಸರಿಯಾಗಿ ತಾಗದಿದ್ದರೆ, ಅನಿಲ ಕೆಲವು ಕ್ಷಣ ತಳದಲ್ಲಿ ಸೇರಿ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಆ ಬಡಿತಕ್ಕೆ ಗಾಜು ಒಡೆಯಬಹುದು. ಆದ್ದರಿಂದ ಮುಖ್ಯ ಬರ್ನರ್ ಒಮ್ಮೆ ಹೊತ್ತಿತೆಂದು ಬಿಡದೆ, ತಣ್ಣಗಿರುವಾಗ ಒಮ್ಮೆ, ಬಿಸಿಯಾದ ಮೇಲೆ ಹಲವು ಬಾರಿ ಆರಿಸಿ ಹೊತ್ತಿಸಿ, ಉರಿ ತಡವಿಲ್ಲದೆ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುತ್ತದೆಯೇ ಎಂದು ನೋಡುತ್ತೇನೆ.

ಎಲ್ಲ ಅಗ್ಗಿಷ್ಟಿಕೆಗಳನ್ನೂ ಹೀಗೆ ಬದಲಾಯಿಸಲಾಗದು. ತಯಾರಕರು ಕಿಟ್ ಕೊಡದ ಮಾದರಿಯನ್ನು ನಾನು ಮುಟ್ಟುವುದಿಲ್ಲ. ಹೊಗೆಗೊಳವೆಯೇ ಇಲ್ಲದೆ ಕೋಣೆಯೊಳಗೇ ಉರಿಯುವ ಮಾದರಿಗಳ ವಿಷಯದಲ್ಲಂತೂ ನನ್ನ ಉತ್ತರ ಸ್ಪಷ್ಟವಾಗಿ ‘ಆಗದು’ ಎಂಬುದೇ. ಕೋಣೆಯ ಆಮ್ಲಜನಕ ಶೇಕಡಾ 18ರ ಆಸುಪಾಸಿಗೆ ಇಳಿದಾಗ ಅನಿಲವನ್ನು ಕಡಿದುಹಾಕುವ ವಿಶೇಷ ಪೈಲಟ್ ಅವುಗಳಲ್ಲಿರುತ್ತದೆ. ಅದನ್ನು ಒಂದೇ ಇಂಧನಕ್ಕೆ ಲೆಕ್ಕಹಾಕಿ ಮಾಡಿರುತ್ತಾರೆ. ಇಂಧನ ಬದಲಾದರೆ ಆ ಕಾವಲಿನ ಮೇಲೆ ಭರವಸೆ ಇಡುವಂತಿಲ್ಲ. ಹೊಸದನ್ನೇ ಕೊಳ್ಳಿ ಎಂದು ಹೇಳಿ ಬಂದ ಮನೆಗಳಲ್ಲಿ ಕೆಲವರು ಬೇಸರಪಟ್ಟಿದ್ದಾರೆ, ಆದರೂ ನನ್ನ ಮಾತು ಬದಲಾಗದು.

ಪ್ರೊಪೇನ್‌ನಿಂದ ನೈಸರ್ಗಿಕ ಅನಿಲಕ್ಕೆ ಹೋಗುವಾಗ ಅಪಾಯದ ರೂಪ ಬೇರೆ. ಅದೇ ಶಾಖಕ್ಕೆ ಎರಡೂವರೆ ಪಟ್ಟು ಗಾತ್ರದ ಅನಿಲ, ಅದೂ ಕಡಿಮೆ ಒತ್ತಡದಲ್ಲಿ, ಗೋಡೆಯೊಳಗಿನ ಅದೇ ಕೊಳವೆಯ ಮೂಲಕ ಬರಬೇಕಾಗುತ್ತದೆ. ಪ್ರೊಪೇನ್‌ಗೆ ಸಾಕಾಗಿದ್ದ ಸಣ್ಣ ಕೊಳವೆ ಇದಕ್ಕೆ ಸಾಲದಿರಬಹುದು. ಒಮ್ಮೆ ಬೆಳಿಗ್ಗೆ ಸರಿಯಾಗಿ ಉರಿದ ಅಗ್ಗಿಷ್ಟಿಕೆ ಸಂಜೆ ನೀರಿನ ಹೀಟರ್ ಚಾಲೂ ಆದೊಡನೆ ಸೊರಗುತ್ತಿದ್ದುದನ್ನು ಕಂಡು, ಜೆಟ್ಟನ್ನೇ ಅನುಮಾನಿಸಿ ಅರ್ಧ ದಿನ ಕಳೆದಿದ್ದೇನೆ. ಮನೆಯ ಎಲ್ಲ ಗ್ಯಾಸ್ ಉಪಕರಣಗಳನ್ನೂ ಪೂರ್ಣ ಪ್ರಮಾಣದಲ್ಲಿ ಉರಿಸಿ, ವಾಲ್ವಿನ ಒಳಹರಿವಿನ ಪರೀಕ್ಷಾ ರಂಧ್ರಕ್ಕೆ ಒತ್ತಡ ಅಳೆಯುವ ಮಾನೋಮೀಟರ್ ಜೋಡಿಸಿದ ಮೇಲೆಯೇ ದೋಷ ಕೊಳವೆಯದೆಂದು ತಿಳಿಯಿತು.

ಆ ಮೊದಲ ಮನೆಯ ನಂತರ ನನ್ನ ಕೆಲಸದ ಕ್ರಮ ಬದಲಾಗಿದೆ. ಮಾನೋಮೀಟರಿನಲ್ಲಿ ಒಳಹರಿವಿನ ಒತ್ತಡವನ್ನೂ ಬರ್ನರಿನ ಒತ್ತಡವನ್ನೂ ಅಳೆದು ಬರೆದುಕೊಳ್ಳುತ್ತೇನೆ. ಷಟರನ್ನು ಕೈಪಿಡಿಯ ಅಳತೆಗೆ ತರುತ್ತೇನೆ. ಗಾಜು ಹಾಕಿ ಕನಿಷ್ಠ ಅರ್ಧ ಗಂಟೆ ಉರಿಸಿ, ಆ ನಂತರವೇ ಹೊಗೆಯನ್ನು ವಿಶ್ಲೇಷಕದಿಂದ ಪರೀಕ್ಷಿಸುತ್ತೇನೆ. ಮನೆಯಲ್ಲಿ ಮೊನಾಕ್ಸೈಡ್ ಅಲಾರಂ ಇಲ್ಲದಿದ್ದರೆ, ಅದನ್ನು ಹಾಕಿಸಿಕೊಳ್ಳುವಂತೆ ಲಿಖಿತವಾಗಿ ತಿಳಿಸುತ್ತೇನೆ.

ಕೊನೆಗೆ ಚೀಟಿಯ ಮಾತು. ಕಿಟ್‌ನೊಂದಿಗೆ ಬರುವ ಸಣ್ಣ ಅಂಟು ಚೀಟಿಯನ್ನು ಅನೇಕರು ಕಸದ ಬುಟ್ಟಿಗೆ ಹಾಕುತ್ತಾರೆ. ಕಳೆದ ಚಳಿಗಾಲದಲ್ಲಿ ನೋಡಿದ ಒಂದು ಅಗ್ಗಿಷ್ಟಿಕೆಯ ಲೋಹದ ಫಲಕದಲ್ಲಿ ನೈಸರ್ಗಿಕ ಅನಿಲ ಎಂದಿತ್ತು, ಹೊರಗೆ ಪ್ರೊಪೇನ್ ಟ್ಯಾಂಕ್ ಇತ್ತು, ಚೀಟಿ ಎಲ್ಲಿಯೂ ಇರಲಿಲ್ಲ. ಬರ್ನರನ್ನು ಬಿಚ್ಚಿ ಜೆಟ್ಟಿನ ಮೇಲೆ ಒತ್ತಿದ ಸಂಖ್ಯೆಯನ್ನು ಓದಿದಾಗ ಮುಖ್ಯ ಜೆಟ್ ಬದಲಾಗಿದ್ದು, ಪೈಲಟ್‌ನದು ಮಾತ್ರ ಹಳೆಯದೇ ಉಳಿದಿದ್ದುದು ತಿಳಿಯಿತು. ಪೈಲಟ್ ಉರಿಯುತ್ತಿದೆಯೇ ಎಂದು ಶಾಖದಿಂದ ಗುರುತಿಸುವ ಥರ್ಮೋಕಪಲ್‌ನ ತುದಿ ಅತಿಯಾದ ಪೈಲಟ್ ಉರಿಗೆ ಸುಟ್ಟು ಹೋಗಿತ್ತು. ಉಳಿದ ಅರ್ಧ ಕೆಲಸವನ್ನು ಪೂರೈಸಿ, ಇಂಧನ, ಜೆಟ್ಟಿನ ಸಂಖ್ಯೆ, ಒತ್ತಡ ಮತ್ತು ದಿನಾಂಕವನ್ನು ಅಳಿಸದ ಶಾಯಿಯಲ್ಲಿ ಬರೆದ ಚೀಟಿಯನ್ನು ಆ ಫಲಕದ ಪಕ್ಕದಲ್ಲೇ ಅಂಟಿಸಿದೆ. ಬಳಿಕ ವಾಲ್ವಿನ ಪರೀಕ್ಷಾ ರಂಧ್ರಗಳ ತಿರುಪುಗಳನ್ನು ಬಿಗಿಗೊಳಿಸಿ, ಅವುಗಳ ಮೇಲೆ ಸೋಪಿನ ನೀರನ್ನು ಮತ್ತೊಮ್ಮೆ ಹಚ್ಚಿ, ಒಂದು ಗುಳ್ಳೆಯೂ ಏಳದ್ದನ್ನು ನೋಡಿದ ಮೇಲೆ ಗಾಜನ್ನು ಕೂರಿಸಿದೆ.